ಹಳ್ಳಿಯ ಹಲ್ಲೂ ಪಟ್ಟಣದ ವಿದ್ಯೆಯೂ

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ದಂತವೈದ್ಯದ ವಿಚಾರದಲ್ಲಿ ಈ ಗಾದೆಯು ಬೇರೊಂದು ಬಗೆಯಲ್ಲಿಯೂ ನಿಜವಾಗಿರುವುದು. ವಿದ್ಯೆಯಿರುವ ಕಡೆ ನೋವಿಲ್ಲ. ನೋವಿರುವ ಕಡೆ ವಿದ್ಯೆಯಿಲ್ಲ. ಪಟ್ಟಣದ ದಂತವೈದ್ಯ ಮಹಾವಿದ್ಯಾಲಯಗಳಲ್ಲಿ ಪಂಡಿತರು ಹಲ್ಲಿನ ರಚನೆ, ರೋಗ, ಚಿಕಿತ್ಸೆಗಳನ್ನು ಕುರಿತು ವರುಷವರುಷವೂ ಪ್ರೌಢಪ್ರಬಂಧಗಳನ್ನು ರಚಿಸುತ್ತಿರುವರು. ಅದೇ ವೇಳೆಯಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರಿನಂತಹ ಊರುಗಳಲ್ಲಿ ಹಲ್ಲುನೋವಿನಿಂದ ನಿದ್ದೆಗೆಟ್ಟ ಗೃಹಸ್ಥನು ಲವಂಗವನ್ನು ಕಚ್ಚಿಕೊಂಡು ಬೆಳಗಾಗುವುದನ್ನು ಕಾಯುತ್ತಿರುವನು. ಈ ಎರಡು ದಡಗಳಿಗೂ ಸೇತುವೆಯನ್ನು ಕಟ್ಟುವುದು ಹೇಗೆ? ಹಿಂದೆ ಯಾರಾದರೂ ಕಟ್ಟಿದ್ದುಂಟೆ? ಗೃಹಿಣಿಯರಾದ ನಮ್ಮ ಸೋದರಿಯರಿಗೆ ಇದರಲ್ಲಿ ಏನು ಪಾತ್ರ? ಈ ಮೂರು ಪ್ರಶ್ನೆಗಳನ್ನು ನಮ್ಮ ವಾಚಕರೊಡನೆ ವಿಚಾರಮಾಡಬೇಕೆಂದು ನಾವು ಈ ಲೇಖನವನ್ನು ಕೈಕೊಂಡಿರುವೆವು.

ನೆಲವೂ ನೀರೂ

ಬಳ್ಳಾರಿಯ ಸೀಮೆಯು ಬಿಸಿಲಿನ ಸೀಮೆ, ಕಲ್ಲಿನ ಸೀಮೆ. ತುಂಗಭದ್ರೆಯೂ ವೇದಾವತಿಯೂ ಹರಿಯುವ ಸಿರುಗುಪ್ಪದ ಭಾಗದಲ್ಲಿ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳು ಹಸುರಾಗಿರುವುದು ನಿಜ. ಆದರೆ ಗದ್ದೆಗೆ ಬರುವ ನೀರೆಲ್ಲವೂ ಮನೆಯ ಕೊಡಕ್ಕೆ ಬರುವುದಿಲ್ಲ. ಅನೇಕ ಊರುಗಳಲ್ಲಿ ಕುಡಿಯುವ ನೀರು ಬರುವುದು ಕೊಳವೆಬಾವಿಗಳಿಂದ. ಈ ಪ್ರಾಂತದ ಭೂಮಿಯ ಆಳದಲ್ಲಿರುವ ಕಣಶಿಲೆಗಳಲ್ಲಿ ಫ್ಲೋರಿನ್ ಎಂಬ ಮೂಲವಸ್ತುವನ್ನೊಳಗೊಂಡ ಖನಿಜಗಳುಂಟು. ನೀರು ಬಹುಕಾಲ ಈ ಶಿಲೆಗಳ ನಡುವೆ ನಿಂತಾಗ ಆ ಖನಿಜಗಳು ಅಲ್ಪಾಲ್ಪವಾಗಿ ಕರಗಿ ಫ್ಲೋರೈಡ್ ರೂಪದಲ್ಲಿ ನೀರಿನೊಡನೆ ಬೆರೆಯುವುವು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ವಿಶೇಷ ರುಚಿಯಿಲ್ಲ. ನೋಡಿದರೆ ಸ್ಫಟಿಕದಂತೆ ತಿಳಿಯಾಗಿರುವುದು. ಇದರಿಂದಲೇ ಅದು ವಂಚಕವಾದುದು.

ಕರ್ನಾಟಕದಲ್ಲಿ ಅಂತರ್ಜಲದ ಫ್ಲೋರೈಡಿನಿಂದ ತೊಂದರೆಗೊಳಗಾದ ಜಿಲ್ಲೆಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಚಿತ್ರದುರ್ಗ, ತುಮಕೂರು, ಕೋಲಾರಗಳು ಸೇರಿರುವುವು. ಆದರೆ ಜಿಲ್ಲೆಯ ಹೆಸರನ್ನು ಕೇಳಿ ಪ್ರತಿಯೊಂದು ಊರಿನ ನೀರೂ ಕೆಟ್ಟುದೆಂದು ತಿಳಿಯತಕ್ಕದ್ದಲ್ಲ. ಒಂದೇ ಊರಿನ ಎರಡು ಕೊಳವೆಬಾವಿಗಳ ನೀರು ಎರಡು ಬಗೆಯಾಗಿರಬಹುದು. ಕೆರೆ, ಹೊಳೆ, ಕಾಲುವೆಗಳ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಮೆ. ಪರೀಕ್ಷೆಯೊಂದೇ ನಿಜವನ್ನು ಹೇಳಬಲ್ಲುದು. ಭಾರತೀಯ ಮಾನಕದ ಪ್ರಕಾರ ಒಂದು ಲೀಟರು ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮಿನೊಳಗಿರುವುದು ಒಳ್ಳೆಯದು. ಬೇರೆ ಆಸರೆಯಿಲ್ಲದಿದ್ದಲ್ಲಿ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು. ಅದಕ್ಕೆ ಮೀರಿದರೆ ಹಾನಿ.

ತಾಯಂದಿರ ಸಂದೇಹ

ಈ ಹಾನಿಯನ್ನು ಮನುಷ್ಯನು ಕಂಡುಕೊಂಡ ಬಗೆಯು ಬಹು ಸ್ವಾರಸ್ಯವಾದುದು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಅಮೆರಿಕಾ ದೇಶದ ಕೊಲರಾಡೋ ಸ್ಪ್ರಿಂಗ್ಸ್ ಪಟ್ಟಣಕ್ಕೆ ವೃತ್ತಿಗಾಗಿ ಬಂದನು. ಅಲ್ಲಿಯೇ ಹುಟ್ಟಿಬೆಳೆದ ಜನರ ಹಲ್ಲುಗಳಲ್ಲಿ ಕಂದುಬಣ್ಣದ ಕಲೆಗಳಿರುವುದನ್ನು ಕಂಡು ಅವನಿಗೆ ಅಚ್ಚರಿಯಾಯಿತು. ಯಾವ ಗ್ರಂಥದಲ್ಲಿಯೂ ಇದಕ್ಕೆ ಸಮಾಧಾನವಿರಲಿಲ್ಲ. ಆತನು ಸುಮ್ಮನಿರದೆ, ಆ ಕಾಲದ ದಂತಶಾಸ್ತ್ರದಲ್ಲಿ ಅಗ್ರಗಣ್ಯನಾಗಿದ್ದ ಜಿ. ವಿ. ಬ್ಲ್ಯಾಕ್ ಎಂಬ ಆಚಾರ್ಯನನ್ನು ಕರೆಯಿಸಿದನು. 1909ರಲ್ಲಿ ಬ್ಲ್ಯಾಕನು ಬಂದು ನೋಡಿ, ಈ ಕೆಲಸದಲ್ಲಿ ಮೆಕೇಯೊಡನೆ ಕೈಸೇರಿಸಿದನು. ವಿದ್ಯಾಲಯದ ಪಂಡಿತನು ಊರಿನ ವೈದ್ಯನ ಕರೆಗೆ ಓಗೊಟ್ಟು ಜನರ ಬಾಯಿಯನ್ನು ನೋಡಲು ಬಂದ ಈ ಸಂಗತಿಯೇ ನಮ್ಮ ಲೇಖನದ ಹುರುಳು.

ಅನಂತರ 1923ರಲ್ಲಿ ನಡೆದುದು ಇನ್ನೂ ಗಮನಾರ್ಹವಾದುದು. ಐಡಹೋ ಸಂಸ್ಥಾನದ ಓಕ್ಲಿ ಎಂಬ ಊರಿನ ತಂದೆತಾಯಿಗಳು ತಮ್ಮ ಮಕ್ಕಳ ಹಲ್ಲಿನ ಮೇಲೆ ವಿಚಿತ್ರವಾದ ಕಲೆಗಳೇಳುವುದನ್ನು ಗುರುತಿಸಿದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆಯನ್ನು ಹಾಕಿಸಿದ ಮೇಲೆಯೇ ಈ ಕಲೆಗಳು ತೋರಿದುವೆಂದು ಅವರು ಮೆಕೇಗೆ ತಿಳಿಸಿದರು. ಮೆಕೇ ನೀರನ್ನು ಪರೀಕ್ಷಿಸಿದನು. ಏನೂ ದೋಷ ಕಾಣಲಿಲ್ಲ. ಆದರೂ ಜನರ ಅನುಭವವನ್ನು ತಳ್ಳಿಹಾಕದೆ, ಆ ಕೊಳವೆಯನ್ನು ಬಿಟ್ಟು ಬೇರೆ ಬುಗ್ಗೆಯ ನೀರನ್ನು ತರಿಸಿರೆಂದು ಊರಿನ ಮುಖಂಡರಿಗೆ ಹೇಳಿದನು. ಕೆಲವು ವರುಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿದುವು. ರಾಸಾಯನಿಕನ ತಕ್ಕಡಿಗೆ ಸಿಕ್ಕದ ಸತ್ಯವು ತಾಯಂದಿರ ಕಣ್ಣಿಗೆ ಮೊದಲು ಸಿಕ್ಕಿತು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞನು ಸೂಕ್ಷ್ಮತರವಾದ ವಿಧಾನದಿಂದ ಇಂತಹ ನೀರನ್ನು ಪರೀಕ್ಷಿಸಿ, ಅಪರಾಧಿಯು ಫ್ಲೋರೈಡ್ ಎಂದು ಗೊತ್ತುಮಾಡಿದನು.

ಅದರ ಹಿಂದೆಯೇ ಟ್ರೆಂಡ್ಲಿ ಡೀನ್ ಎಂಬ ಸರಕಾರಿ ದಂತವೈದ್ಯನು ಊರೂರುಗಳಲ್ಲಿ ಮಕ್ಕಳ ಹಲ್ಲುಗಳನ್ನೂ ನೀರನ್ನೂ ಹೋಲಿಸಿನೋಡಿ, ಫ್ಲೋರೈಡ್ ಅತಿಯಾದರೆ ಕಲೆ, ಮಿತವಾಗಿದ್ದರೆ ಹುಳುಕಿನಿಂದ ರಕ್ಷಣೆ ಎಂಬ ಎರಡು ಮುಖದ ಸತ್ಯವನ್ನು ತೋರಿಸಿದನು. ಫ್ಲೋರೈಡ್ ಕಡಮೆಯಿದ್ದ ಗ್ರ್ಯಾಂಡ್ ರಾಪಿಡ್ಸ್ ಪಟ್ಟಣದ ನೀರಿಗೆ 1945ರಲ್ಲಿ ಅದನ್ನು ಮಿತವಾಗಿ ಸೇರಿಸಲಾಗಿ, ಅನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕುಹಲ್ಲು ಶೇಕಡ 60ಕ್ಕೂ ಮಿಗಿಲಾಗಿ ಇಳಿಯಿತು. ಉಪ್ಪು ಹಿತವಾಗಿದ್ದರೆ ಸಾರು, ಹೆಚ್ಚಾದರೆ ಚೆಲ್ಲುವ ಪದಾರ್ಥ ಎಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಿಲ್ಲ.

ಮದರಾಸಿನ ಪರಿಶೋಧನೆ

ಇದು ಪರದೇಶದ ಕಥೆಯೆಂದು ವಾಚಕರು ಉದಾಸೀನರಾಗಬಾರದು. 1937ರಲ್ಲಿ ಶಾರ್ಟ್ ಎಂಬ ವೈದ್ಯವಿಶಾರದನೂ ಆತನ ಸಂಗಡಿಗರೂ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಈ ರೋಗವನ್ನು ಗುರುತಿಸಿ ಶಾಸ್ತ್ರೀಯವಾಗಿ ವರ್ಣಿಸಿದರು. ಮಕ್ಕಳಿಗೆ ಹಲ್ಲಿನ ಕಲೆ ಮಾತ್ರವಲ್ಲದೆ, ಬಹುಕಾಲ ಆ ನೀರನ್ನು ಕುಡಿದ ಹಿರಿಯರಿಗೆ ಕತ್ತು, ಬೆನ್ನು, ಕೀಲುಗಳು ಸೆಟೆದು ಬಗ್ಗಲಾರದಂತಾಗುವುದನ್ನೂ ಅವರು ಕಂಡರು. 1940ರಲ್ಲಿ ಸಿ. ಜಿ. ಪಂಡಿತ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಹಿಂದೂಸ್ಥಾನದ ಈ ರೋಗವನ್ನು ಇನ್ನಷ್ಟು ಆಳವಾಗಿ ಶೋಧಿಸಿ, ನೀರಿನೊಡನೆ ಜನರ ಆಹಾರದ ಕೊರತೆಯೂ ರೋಗವನ್ನು ಉಲ್ಬಣಗೊಳಿಸುವುದೆಂದು ಸೂಚಿಸಿದರು. ಆ ಕಾಲದಲ್ಲಿ ಬಳ್ಳಾರಿಯೂ ಮದರಾಸು ಪ್ರಾಂತಕ್ಕೇ ಸೇರಿದ್ದಿತು. 1953ನೆಯ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಎಲ್ಲೆಗಳು ಬದಲಾದುವು. ಕಲ್ಲಿನೊಳಗಣ ನೀರು ಎಲ್ಲೆಯನ್ನರಿಯದು.

ಕಲೆಯು ಕೊಳೆಯಲ್ಲ

ಇನ್ನು ಮನೆಯವರು ಮುಖ್ಯವಾಗಿ ತಿಳಿಯತಕ್ಕ ವಿಷಯಕ್ಕೆ ಬರುವೆವು. ಹಲ್ಲಿನ ಹೊರಗಿನ ಬಿಳಿಯ ಕವಚವು ನಮ್ಮ ದೇಹದಲ್ಲಿ ಅತ್ಯಂತ ಗಟ್ಟಿಯಾದ ಪದಾರ್ಥ. ಶಾಶ್ವತವಾದ ಮುಂಬಲ್ಲುಗಳು ಬಾಯಲ್ಲಿ ಕಾಣುವುದು ಆರು-ಏಳು ವರುಷಕ್ಕಾದರೂ, ಅವುಗಳ ಕವಚವು ದವಡೆಯ ಒಳಗೆ ಕೂಸಿನ ಮೊದಲ ಮೂರು-ನಾಲ್ಕು ವರುಷಗಳಲ್ಲಿಯೇ ರೂಪುಗೊಳ್ಳುವುದು. ಹಿಂದಿನ ಹಲ್ಲುಗಳ ಕವಚವು ಸುಮಾರು ಎಂಟು ವರುಷದೊಳಗೆ ಮುಗಿಯುವುದು. ಈ ಕಾಲದಲ್ಲಿ ಮಗುವಿನ ದೇಹಕ್ಕೆ ಫ್ಲೋರೈಡ್ ಅತಿಯಾಗಿ ಸೇರಿದರೆ ಕವಚವು ಸರಿಯಾಗಿ ಗಟ್ಟಿಗೊಳ್ಳದೆ ಸುಣ್ಣದ ಗೆರೆಯಂತಹ ಬಿಳುಪು ಉಳಿಯುವುದು. ಮುಂದೆ ಅದು ಹಳದಿಯಾಗಿ, ಕಂದಾಗಿ, ಅತಿಶಯವಾದಲ್ಲಿ ಗುಳಿಬಿದ್ದು ಚಕ್ಕೆಯೇಳುವುದು. ಎಂಟು ವರುಷ ಕಳೆದ ಮೇಲೆ ಎಂತಹ ನೀರನ್ನು ಕುಡಿದರೂ ಈ ಕಲೆ ಹೊಸದಾಗಿ ಹುಟ್ಟುವುದಿಲ್ಲ. ಹುಟ್ಟಿದ ಕಲೆಯು ಒಳ್ಳೆಯ ನೀರಿನಿಂದ ಅಳಿಯುವುದೂ ಇಲ್ಲ.

ಇದನ್ನರಿಯದೆ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಗದರಿಸುವರು. ‘ಹಲ್ಲುಜ್ಜದ ಸೋಮಾರಿ’ ಎಂದು ಬೈದು, ಇಟ್ಟಿಗೆಯ ಪುಡಿ, ಇದ್ದಿಲು, ಮರಳುಗಳಿಂದ ಉಜ್ಜಿಸಿ, ಉಳಿದ ಕವಚವನ್ನೂ ಸವೆಯಿಸುವರು. ಕಲೆಯು ಹಲ್ಲಿನ ಮೇಲಿಲ್ಲ, ಹಲ್ಲಿನಲ್ಲಿಯೇ ಇದೆ. ಅದಕ್ಕೆ ಮಗುವು ಹೊಣೆಯಲ್ಲ. ನಗುವಾಗ ಬಾಯಿಗೆ ಕೈಯಡ್ಡ ಹಿಡಿಯುವ ಬಾಲಕಿ, ಹೆಣ್ಣು ನೋಡಲು ಬಂದವರೆದುರು ತುಟಿ ಬಿಚ್ಚಲು ನಾಚುವ ಕನ್ಯೆ, ಇವರ ಮನಸ್ಸಿನ ನೋವನ್ನು ಯಾವ ಪ್ರೌಢಪ್ರಬಂಧದ ಕೋಷ್ಟಕವೂ ಅಳೆಯಲಾರದು. ಬೆಳೆದವರಿಗೆ ದಂತವೈದ್ಯರು ಕಲೆಯನ್ನು ಮಂಕಾಗಿಸುವ, ಮುಚ್ಚುವ ಉಪಾಯಗಳನ್ನು ಬಲ್ಲರು. ಆದರೆ ನಿವಾರಣೆಯ ಕಾಲವು ಕೂಸಿನ ತೊಟ್ಟಿಲ ಕಾಲವೇ ಹೊರತು ಬೇರೆಯಲ್ಲ. ಸಂಶೋಧನೆಯ ಫಲವು ಹಳ್ಳಿಗೆ ಹತ್ತು ವರುಷ ತಡವಾಗಿ ಬಂದರೆ, ಹತ್ತು ವರುಷದ ಮಕ್ಕಳ ಪೀಳಿಗೆಯೊಂದು ಬಾಳಿಡೀ ಕಲೆಯನ್ನು ಹೊರುವುದು.

ಕಾಯಿಸಿದರೆ ಹೋಗದು

ನೀರನ್ನು ಕಾಯಿಸಿ ಕುಡಿಯಬೇಕೆಂಬ ಉಪದೇಶವು ವಾಂತಿಭೇದಿ ಮೊದಲಾದ ರೋಗಗಳ ವಿಚಾರದಲ್ಲಿ ಅತ್ಯುತ್ತಮವಾದುದು. ಫ್ಲೋರೈಡಿನ ವಿಚಾರದಲ್ಲಿಯಾದರೋ ಅದು ಸಲ್ಲದು. ಕಾಯಿಸಿದರೆ ನೀರು ಆವಿಯಾಗಿ ಕಡಮೆಯಾಗುವುದು, ಫ್ಲೋರೈಡ್ ಉಳಿದಷ್ಟೂ ಉಳಿಯುವುದು. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ.

ಪ್ರಯೋಗಶಾಲೆಯಿಂದ ಹಳ್ಳಿಗೆ ಬಂದ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾಲಯದವರು ಪಟಿಕ ಮತ್ತು ಸುಣ್ಣಗಳನ್ನು ಅಳತೆಗೆ ತಕ್ಕಂತೆ ನೀರಿಗೆ ಬೆರೆಸಿ, ಕದಡಿ, ಗಸಿಯನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ತೆಗೆಯುವ ವಿಧಾನವನ್ನು ರೂಪಿಸಿದರು. ನಮ್ಮ ನೆರೆಯ ತೆಲುಗು ನಾಡಿನ ಜಿಲ್ಲೆಯೊಂದರ ಹೆಸರಿನಿಂದ ಅದು ನಲ್ಗೊಂಡ ವಿಧಾನವೆಂದು ಪ್ರಸಿದ್ಧವಾಯಿತು. ಪಟಿಕದ ಅಳತೆಯು ನೀರಿನ ಗುಣವನ್ನು ಅನುಸರಿಸುವುದರಿಂದ ಅಂದಾಜಿನ ಮೇಲೆ ಇದನ್ನು ಮಾಡತಕ್ಕದ್ದಲ್ಲ. ಈಚೆಗೆ ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ. ಅವು ಸರಿಯಾಗಿ ನಡೆಯುತ್ತಿದ್ದರೆ ಫ್ಲೋರೈಡನ್ನು ಬಹುಮಟ್ಟಿಗೆ ಕಳೆಯಬಲ್ಲವು. ಕೆಟ್ಟು ನಿಂತರೆ ಗೋಡೆಯ ಮೇಲಿನ ಬರಹದಿಂದ ಯಾರ ಹಲ್ಲೂ ಉಳಿಯದು. ಹೊಳೆ, ಕಾಲುವೆಗಳ ನೀರನ್ನು ಶುದ್ಧಗೊಳಿಸಿ ಕೊಳವೆಯ ಮೂಲಕ ಒದಗಿಸುವುದೇ ಇಂತಹ ಊರುಗಳಿಗೆ ಬಾಳಿಕೆಯ ಪರಿಹಾರ.

ಸಿಹಿಯೂ ಹೊಗೆಸೊಪ್ಪೂ

ಹುಳುಕುಹಲ್ಲು ನಮ್ಮ ಮನೆಗಳ ಇನ್ನೊಂದು ಶತ್ರು. ಭಾರತೀಯ ದಂತವೈದ್ಯ ಪರಿಷತ್ತಿನವರು 2002-03ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯಲ್ಲಿ 12 ವರುಷದ ಮಕ್ಕಳಲ್ಲಿ ಶೇಕಡ 53.8ರಷ್ಟು ಮಂದಿಗೆ ಹುಳುಕು ಕಂಡುಬಂದಿತು. ಸಿಹಿಯ ಮೊತ್ತಕ್ಕಿಂತಲೂ ಅದನ್ನು ತಿನ್ನುವ ವೇಳೆಯು ಮುಖ್ಯವೆಂದು ಸ್ವೀಡನ್ ದೇಶದ ವಿಪೆಹೋಮ್ ಎಂಬಲ್ಲಿ 1945ರಿಂದ ನಡೆದ ಪ್ರಯೋಗವು ತೋರಿಸಿತು. ಊಟದೊಡನೆ ತಿಂದ ಸಕ್ಕರೆಗಿಂತ, ಊಟಗಳ ನಡುವೆ ಮತ್ತೆಮತ್ತೆ ತಿಂದ ಅಂಟು ಮಿಠಾಯಿಯು ಬಹಳ ಹೆಚ್ಚು ಹಲ್ಲುಗಳನ್ನು ಕೆಡಿಸಿತು. ಈ ತಿಳಿವಳಿಕೆಯು ಬೆಲೆಯುಳ್ಳದ್ದು. ಆದರೆ ಅದನ್ನು ಗಳಿಸಿದ ಬಗೆಯು ಸ್ತುತ್ಯವಲ್ಲ. ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿದ್ದ ನಿರಾಶ್ರಿತ ರೋಗಿಗಳಿಗೆ, ಅವರ ಒಪ್ಪಿಗೆಯಿಲ್ಲದೆ, ಬೇಕೆಂದೇ ಮಿಠಾಯಿಯನ್ನು ತಿನ್ನಿಸಿ ಹಲ್ಲುಗಳನ್ನು ಕೆಡಿಸಿದರು. ವಿದ್ಯೆಯು ಜನರಿಗಾಗಿ ಇರತಕ್ಕದ್ದು, ಜನರು ವಿದ್ಯೆಗೆ ಬಲಿಯಾಗತಕ್ಕದ್ದಲ್ಲ ಎಂಬುದನ್ನು ಸಮೀಕ್ಷೆಗಾಗಿ ಹಳ್ಳಿಗೆ ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ನೆನೆಯಬೇಕು.

ಹುಳುಕಿಗೆ ಹಳ್ಳಿಯಲ್ಲಿಯೇ ಮಾಡಬಹುದಾದ ಚಿಕಿತ್ಸೆಯೂ ಉಂಟು. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ, ವಿದ್ಯುತ್ತಿಲ್ಲದ ಊರುಗಳಿಗಾಗಿ, ಕೈಯ ಸಲಕರಣೆಗಳಿಂದಲೇ ಹುಳುಕನ್ನು ಕೆರೆದು ತೆಗೆದು, ಹಲ್ಲಿಗೆ ಅಂಟಿಕೊಳ್ಳುವ ಸಿಮೆಂಟನ್ನು ತುಂಬುವ ವಿಧಾನವು ಬೆಳೆಯಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದಕ್ಕೆ ಬೆಂಬಲವಿತ್ತಿತು. ಯಂತ್ರದ ಕೊರೆತವಿಲ್ಲ, ಸಾಮಾನ್ಯವಾಗಿ ಸೂಜಿಮದ್ದೂ ಬೇಕಾಗದು; ಶಾಲೆಯ ಬೆಂಚಿನ ಮೇಲೆಯೇ ಕೆಲಸವಾಗುವುದು.

ಮೂರನೆಯದು ಹೊಗೆಸೊಪ್ಪು. 2016-17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡ 21.4 ಮಂದಿ ಅಗಿಯುವ, ತಿಕ್ಕುವ, ಮೂಸುವ ತಂಬಾಕನ್ನು ಬಳಸುವರು. ಈ ಕ್ಷೇತ್ರದಲ್ಲಿ ನಮ್ಮ ದೇಶದ ಪಂಡಿತರು ಮಾಡಿರುವ ಕೆಲಸವು ಜಗತ್ತಿಗೇ ಮಾದರಿ. ಮುಂಬಯಿಯ ಟಾಟಾ ಸಂಶೋಧನಾಲಯದಲ್ಲಿ ಫಾಲಿ ಮೆಹತಾ ಎಂಬವರ ನೇತೃತ್ವದ ದಂತಸಂಶೋಧನಾ ತಂಡವು ಭಾವನಗರ, ಎರ್ನಾಕುಲಂ, ಶ್ರೀಕಾಕುಳಂ ಮೊದಲಾದ ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ, 50,915 ಹಳ್ಳಿಗರ ಬಾಯಿಯನ್ನು ಪರೀಕ್ಷಿಸಿ, 1969ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಬಾಯಿಯ ಅರ್ಬುದಕ್ಕೂ ತಂಬಾಕಿಗೂ ಇರುವ ಸಂಬಂಧವು ಇದರಿಂದ ದೃಢಪಟ್ಟಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ತಂಬಾಕನ್ನು ಬಿಡಿರೆಂದು 36,000ಕ್ಕೂ ಹೆಚ್ಚು ಜನರಿಗೆ ವರುಷವರುಷವೂ ಬುದ್ಧಿಹೇಳುತ್ತ ಬಂದು, ಬಿಟ್ಟವರ ಬಾಯಲ್ಲಿ ಅರ್ಬುದದ ಮುನ್ಸೂಚನೆಯಾದ ಬಿಳಿಯ ಮಚ್ಚೆಗಳು ಕಡಮೆಯಾಗುವುವೆಂದು ತೋರಿಸಿದರು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ಇನ್ನೊಂದು ಕಾರ್ಯದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಕಣ್ಣಿನಿಂದಲೇ ಬಾಯಿಯನ್ನು ಪರೀಕ್ಷಿಸಿದರು. ಇದರಿಂದ ತಂಬಾಕು, ಮದ್ಯಗಳ ಅಭ್ಯಾಸವುಳ್ಳವರಲ್ಲಿ ಬಾಯಿಯ ಅರ್ಬುದದ ಮರಣವು ಸುಮಾರು ಮೂರನೆಯ ಒಂದು ಪಾಲು ಇಳಿಯಿತೆಂದು 2005ರಲ್ಲಿ ಪ್ರಕಟವಾಯಿತು. ಒಂದು ದೀಪ, ಎರಡು ಕಣ್ಣು, ಸ್ವಲ್ಪ ತರಬೇತಿ, ಇಷ್ಟರಿಂದ ಪ್ರಾಣ ಉಳಿಯಿತು.

ವಿದ್ಯಾಲಯಗಳ ಕರ್ತವ್ಯ

ಹೀಗೆ ವಿದ್ಯೆಯೂ ಹಳ್ಳಿಯೂ ಕೈಹಿಡಿದಾಗಲೆಲ್ಲ ಫಲವು ದೊರೆತಿರುವುದು. ನಮ್ಮ ನಾಡಿನಲ್ಲಿ ವಿದ್ಯೆಗೆ ಕೊರತೆಯಿಲ್ಲ. 1920ರಲ್ಲಿ ಆರ್. ಅಹಮದರು ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ವಿದ್ಯಾಲಯವನ್ನು ತೆರೆದರು. ಬೆಂಗಳೂರಿನ ಸರಕಾರಿ ದಂತವೈದ್ಯ ಮಹಾವಿದ್ಯಾಲಯವು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಆರಂಭವಾದುವು. ಈಗ ಕರ್ನಾಟಕದಲ್ಲಿ ಅಂತಹ ವಿದ್ಯಾಲಯಗಳು ನಲವತ್ತಕ್ಕೆ ಕಡಮೆಯಿಲ್ಲ. ಬಳ್ಳಾರಿ ನಗರದಲ್ಲಿಯೇ ಸರಕಾರದ ದಂತವೈದ್ಯ ಮಹಾವಿದ್ಯಾಲಯವೂ ಸಂಶೋಧನಾ ಸಂಸ್ಥೆಯೂ ಇರುವುದು. ಕೇಂದ್ರ ಸರಕಾರವು 2008-09ರಲ್ಲಿ ಫ್ಲೋರೋಸಿಸ್ ನಿವಾರಣೆಯ ಕಾರ್ಯಕ್ರಮವನ್ನೂ, 2014-15ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವನ್ನೂ ಆರಂಭಿಸಿತು. ಬಡ ವೃದ್ಧರಿಗೆ ವಿದ್ಯಾಲಯಗಳ ಮೂಲಕ ಉಚಿತವಾಗಿ ಕಟ್ಟುಹಲ್ಲನ್ನು ಕೊಡಿಸುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ಸರಕಾರವು ಹಮ್ಮಿಕೊಂಡಿತು. ಕಡಲೆಯಿದ್ದವನಿಗೆ ಹಲ್ಲನ್ನು ಕೊಟ್ಟ ಪುಣ್ಯದ ಕೆಲಸವದು.

ಆದರೆ ಶಿಬಿರವೊಂದನ್ನು ನಡೆಸಿ, ಬಾಯಿಗಳನ್ನು ಎಣಿಸಿ, ಕುಂಚಗಳನ್ನು ಹಂಚಿ ಹೊರಟುಹೋದರೆ ಸೇವೆಯು ಪೂರ್ಣವಾಗದು. ಪರೀಕ್ಷಿಸಿದ ಊರಿಗೆ ಪರೀಕ್ಷೆಯ ಫಲವನ್ನು ತಿಳಿಯುವ ಹಕ್ಕಿದೆ. ಯಾವ ಕೇರಿಯ ಮಕ್ಕಳ ಹಲ್ಲಿನಲ್ಲಿ ಕಲೆ ಹೆಚ್ಚು, ಆ ಕೇರಿಯ ನೀರು ಯಾವ ಬಾವಿಯದು, ಎಷ್ಟು ಮಂದಿಗೆ ಕೂಡಲೇ ಚಿಕಿತ್ಸೆ ಬೇಕು ಎಂಬುದನ್ನು ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಗ್ರಾಮಪಂಚಾಯಿತಿಗೂ ಶಾಲೆಗೂ ಅಂಗನವಾಡಿಗೂ ಕೊಡಬೇಕು. ವರುಷ ಕಳೆದ ಮೇಲೆ ಅದೇ ಊರಿಗೆ ಮರಳಿ ಬಂದು ಏನು ಬದಲಾಯಿತೆಂದು ನೋಡಬೇಕು. ಒಂದೊಂದು ವಿದ್ಯಾಲಯವು ಕೆಲವೇ ಊರುಗಳನ್ನು ಹತ್ತು ವರುಷ ಬಿಡದೆ ನೋಡಿಕೊಂಡರೆ, ಊರಿಗೆ ಆರೋಗ್ಯವೂ ವಿದ್ಯಾಲಯಕ್ಕೆ ಕೀರ್ತಿಯೂ ಏಕಕಾಲದಲ್ಲಿ ಲಭಿಸುವುವು. ಮಕ್ಕಳ ಹಲ್ಲು ಊರಿನ ನೀರಿನ ಕಥೆಯನ್ನು ಬರೆದಿಟ್ಟ ಕಡತವಿದ್ದಂತೆ. ಓದಬಲ್ಲವರು ಬಂದು ಓದಿ, ಊರಿನವರಿಗೂ ಓದಿ ಹೇಳಬೇಕು.

ಗೃಹಿಣಿಯರಿಗೆ ಕೆಲವು ಮಾತು

1. ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆಯನ್ನು ಪಂಚಾಯಿತಿಯಲ್ಲಿ ಕೇಳಿ ಮಾಡಿಸಿರಿ. 2019ರಲ್ಲಿ ಮೊದಲಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂದಿರುವುದು. ನಿಮ್ಮೂರಿನ ಆ ಐವರು ಯಾರೆಂದು ವಿಚಾರಿಸಿರಿ; ಇಲ್ಲವಾದರೆ ನೀವೇ ಮುಂದೆ ಬನ್ನಿರಿ.

2. ಮನೆಯಲ್ಲಿ ಒಳ್ಳೆಯ ನೀರು ಸ್ವಲ್ಪವೇ ಇದ್ದರೆ ಅದನ್ನು ಕುಡಿಯುವುದಕ್ಕೂ ಅಡಿಗೆಗೂ ಮೀಸಲಿಡಿರಿ. ಗರ್ಭಿಣಿಯರಿಗೂ ಎಂಟು ವರುಷದೊಳಗಿನ ಮಕ್ಕಳಿಗೂ ಮೊದಲ ಪಾಲು. ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಬೇರೆ ನೀರಾದೀತು.

3. ಹಾಲು, ಮಜ್ಜಿಗೆ, ರಾಗಿ, ಸೊಪ್ಪು, ನೆಲ್ಲಿಕಾಯಿ, ನಿಂಬೆಗಳನ್ನು ಮಕ್ಕಳಿಗೆ ಯಥೇಷ್ಟವಾಗಿ ಕೊಡಿರಿ. ಎಳೆಯ ಮಕ್ಕಳಿಗೆ ಚಹ ಬೇಡ; ಚಹದ ಎಲೆಯಲ್ಲಿಯೂ ಫ್ಲೋರೈಡ್ ಉಂಟು.

4. ಬೆಳಗ್ಗೆಯೂ ರಾತ್ರಿ ಮಲಗುವ ಮುನ್ನವೂ ಹಲ್ಲುಜ್ಜಿಸಿರಿ. ಪೇಸ್ಟು ಮೂರು ವರುಷದೊಳಗೆ ಅಕ್ಕಿಕಾಳಿನಷ್ಟು, ಆರರೊಳಗೆ ಬಟಾಣಿಯಷ್ಟು ಸಾಕು. ಮಗುವು ಅದನ್ನು ನುಂಗದಂತೆ ಹತ್ತಿರವೇ ನಿಲ್ಲಿರಿ. ನಿಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎಳೆಯರಿಗೆ ಯಾವ ಪೇಸ್ಟೆಂಬುದನ್ನು ದಂತವೈದ್ಯರನ್ನು ಕೇಳಿರಿ.

5. ಸಿಹಿಯನ್ನು ಊಟದೊಡನೆ ಕೊಡಿರಿ. ಹೊತ್ತುಹೊತ್ತಿಗೆ ಮಿಠಾಯಿ ಬೇಡ.

6. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ ಕಂಡರೆ ವೈದ್ಯರಲ್ಲಿಗೆ ತಡಮಾಡದೆ ಹೋಗತಕ್ಕದ್ದು.

ಓಕ್ಲಿಯ ತಂದೆತಾಯಿಗಳು ಪಂಡಿತರಾಗಿರಲಿಲ್ಲ. ತಮ್ಮ ಮಕ್ಕಳ ಬಾಯಿಯನ್ನು ಗಮನಿಸಿ ನೋಡಿದರು, ಕಂಡುದನ್ನು ಬಲ್ಲವರ ಮುಂದಿಟ್ಟರು. ಬಲ್ಲವನು ಕಿವಿಗೊಟ್ಟು ಕೇಳಿದನು. ಇವಿಷ್ಟೂ ಒಂದೆಡೆ ಕೂಡಿಬಂದುದರಿಂದ ಒಂದು ಊರಿನ ಮಕ್ಕಳ ನಗು ಉಳಿಯಿತು. ಕರೂರಿನಲ್ಲಿಯೂ ಕುರುಗೋಡಿನಲ್ಲಿಯೂ ಸಿರುಗುಪ್ಪದಲ್ಲಿಯೂ ನೋಡುವ ಕಣ್ಣುಗಳು ನಮ್ಮ ತಾಯಂದಿರಿಗುಂಟು. ಕೇಳುವ ಕಿವಿಯನ್ನು ವಿದ್ಯಾಲಯಗಳು ಬೆಳೆಸಿಕೊಳ್ಳಲಿ. ಇಂದು ತೊಟ್ಟಿಲಲ್ಲಿರುವ ಕೂಸಿನ ಮುಂಬಲ್ಲಿಗೆ ಈಗಲೇ ಕವಚವು ಕಟ್ಟುತ್ತಿರುವುದರಿಂದ, ಈ ಕಾರ್ಯವನ್ನು ನಾಳೆಗೆ ತಳ್ಳುವಂತಿಲ್ಲ.